ಗಾಳಿಯ ವಿರುದ್ಧ ಅಳಿಲು

“ಗಾಳಿಯನ್ನು ನಂಬಿದವರು ಕತ್ತಲಲ್ಲಿ ಕೂರಬೇಕಾಗುತ್ತದೆ!”

ಬಚ್ಚಲುಮನೆಯ ಕನ್ನಡಿಗೆ ಬೆರಳು ತೋರಿಸಿ ಅಳಿಲು ಗುಡುಗಿದಳು. ಬಚ್ಚಲಲ್ಲಿ ಮಾತಾಡಿದರೆ ದನಿ ದಪ್ಪಗಾಗುತ್ತದೆ, ಗೋಡೆಗಳೆಲ್ಲ ಹೌದು ಹೌದು ಎಂದಂತಾಗುತ್ತದೆ. ಅದು ಅವಳಿಗೆ ಬಹಳ ಹಿಡಿಸಿತ್ತು.

“ಆದ್ದರಿಂದ ಮಾನ್ಯರೇ, ಗಾಳಿಯಂತ್ರ ಎಂಬುದು ಕೆಲಸಕ್ಕೆ ಬಾರದ, ನೋಡಲು ಮಾತ್ರ ಚಂದ ಇರುವ, ದೊಡ್ಡ... ದೊಡ್ಡ...”

“ಟೇಬಲ್ ಫ್ಯಾನು?” ಎಂದಿತು ಬಾಗಿಲಾಚೆಯಿಂದ ಒಂದು ದನಿ.

ಅಳಿಲು ಬೆರಳು ಕೆಳಗಿಳಿಸಿದಳು. ಅದು ಅಮ್ಮನ ದನಿ.

ಅಳಿಲು ಎಂಬುದು ಅವಳ ನಿಜವಾದ ಹೆಸರಲ್ಲ. ಮುಂದಿನ ಎರಡು ಹಲ್ಲು ದೊಡ್ಡವು, ಕೂತಲ್ಲಿ ಕೂರುವವಳಲ್ಲ. ಹಾಗಾಗಿ ಅಜ್ಜಿ ಇಟ್ಟ ಹೆಸರು ಅದು. ಈಗ ಶಾಲೆಯಲ್ಲೂ ಅದೇ ಹೆಸರು ನಿಂತುಬಿಟ್ಟಿದೆ.

ಅಮ್ಮನ ಕೆಲಸ ಊರಾಚೆಯ ಗುಡ್ಡದ ಮೇಲೆ. ಅಲ್ಲಿ ಉದ್ದಕ್ಕೂ ಗಾಳಿಯಂತ್ರಗಳು ನಿಂತಿವೆ. ಬಿಳಿ ಕಂಬ, ಕಂಬದ ತುದಿಯಲ್ಲೊಂದು ಡಬ್ಬ, ಡಬ್ಬದ ಮುಂದೆ ಮೂರು ರೆಕ್ಕೆ. ಊರಿನವರು ಅವನ್ನು ‘ಫ್ಯಾನು’ ಎನ್ನುತ್ತಾರೆ. ಫ್ಯಾನು ಕೆಟ್ಟರೆ ಕಂಬದೊಳಗಿನ ಏಣಿ ಹತ್ತಿ ಹೋಗಿ ರಿಪೇರಿ ಮಾಡುವವಳು ಅಮ್ಮ.

ಅಳಿಲು ಬಾಗಿಲು ತೆರೆದಳು. ಒಂದು ಕಣ್ಣು ಮಾತ್ರ ಹೊರಗೆ ಹಾಕಿದಳು.

“ಎಷ್ಟು ಹೊತ್ತಿನಿಂದ ಕೇಳ್ತಾ ಇದೀಯಮ್ಮ?”

“‘ಮಾನ್ಯರೇ’ಯಿಂದ. ಸ್ನಾನ ಆಯ್ತೋ, ಬರೀ ಭಾಷಣ ಆಯ್ತೋ?”

ಊಟಕ್ಕೆ ಕೂತಾಗ ಎಲ್ಲವೂ ಹೊರಗೆ ಬಂತು. ವಿಜ್ಞಾನದ ಮಿಸ್ ಚರ್ಚಾಸ್ಪರ್ಧೆ ಇಟ್ಟಿದ್ದರು. ವಿಷಯ: ಗಾಳಿಯಿಂದ ಕರೆಂಟು ಮಾಡುವುದು ನಿಜಕ್ಕೂ ಉಪಯೋಗಕ್ಕೆ ಬರುವ ದಾರಿಯೇ? ಯಾರು ಯಾವ ಪಕ್ಷ ಎಂದು ಚೀಟಿ ಎತ್ತಿಸಿದ್ದರು.

“ಪಿಸುಮಾತಿಗೆ ‘ಪರ’ ಬಂತು. ನಂಗೆ ‘ವಿರುದ್ಧ’ ಬಂತು. ನಾನೇನು ಬೇಕೂಂತ ಎತ್ತಿದ್ನಾ?” ಅಳಿಲಿನ ಕಣ್ಣು ತುಂಬಿತು. “ಇಡೀ ಕ್ಲಾಸು ಹೋ ಅಂತ ನಕ್ಕುಬಿಡ್ತು. ಬದಲಾಯಿಸಿ ಅಂತ ಮಿಸ್‌ಗೆ ಎಷ್ಟು ಕೇಳ್ಕೊಂಡೆ ಗೊತ್ತಾ? ಚೀಟಿ ಅಂದ್ರೆ ಚೀಟಿ ಅಂದ್ಬಿಟ್ರು.”

ಪಿಸುಮಾತು ಅವಳ ತರಗತಿಯ ಹುಡುಗ. ಅವನು ಮಾತಾಡಿದರೆ ಪಕ್ಕದಲ್ಲಿ ಕೂತವರಿಗೆ ಮಾತ್ರ ಕೇಳುತ್ತದೆ, ಅದೂ ಅವರು ಕಿವಿಗೊಟ್ಟರೆ.

“ಚೆನ್ನಾಗಿದೆ ಕಣೆ!” ಅಜ್ಜಿ ತಟ್ಟೆಯಿಂದ ಕೈ ತೆಗೆದಳು. “ಹೆತ್ತ ತಾಯಿಯ ಕೆಲಸಾನ ನಾಲ್ಕು ಜನರ ಮುಂದೆ ಆಡ್ಕೊಳ್ಳೋದಾ? ಆವತ್ತು ಜ್ವರ ಅಂತ ಹೇಳಿ ಹೊದ್ದು ಮಲಗಿಬಿಡು. ಹಣೆ ಬಿಸಿ ಮಾಡೋ ಉಪಾಯ ನಾನು ಹೇಳ್ಕೊಡ್ತೀನಿ.”

“ನಾನು ಬೇಕಾದ್ರೆ ಮಿಸ್ ಹತ್ರ ಮಾತಾಡ್ತೀನಿ” ಎಂದ ಅಪ್ಪ. ಅಪ್ಪ ದರ್ಜಿ. ಮನೆಯ ಮುಂದಿನ ಕೋಣೆಯಲ್ಲೇ ಅವನ ಅಂಗಡಿ. ಊಟಕ್ಕೆ ಬಂದಾಗಲೂ ಅಳತೆಯ ಟೇಪು ಕೊರಳಲ್ಲೇ ನೇತಾಡುತ್ತಿತ್ತು. “ಅವರ ರವಿಕೆ ನನ್ನ ಹತ್ರಾನೇ ಇದೆ. ಇನ್ನೂ ತೋಳು ಹಚ್ಚಿಲ್ಲ.”

“ರವಿಕೆ ಇಟ್ಕೊಂಡು ಹೆದರಿಸ್ತೀರಾ?” ಎಂದು ಅಮ್ಮ ನಕ್ಕಳು. ಆಮೇಲೆ ಅಳಿಲಿನ ಕಡೆ ತಿರುಗಿದಳು. “ಎಲ್ಲಿ, ಭಾಷಣ ಪೂರ್ತಿ ಹೇಳು ನೋಡೋಣ.”

“ಇಲ್ಲೇನಾ?”

“ಇಲ್ಲೇ. ಬಚ್ಚಲಲ್ಲಿ ಹೇಳಿದ ಹಾಗೇ ಹೇಳಬೇಕು. ಪಿಸುಮಾತಾಗಬೇಡ.”

ಅಳಿಲು ಎದ್ದು ನಿಂತು ಹೇಳಿದಳು. ಗಾಳಿ ಯಾವಾಗಲೂ ಬೀಸುವುದಿಲ್ಲ ಎಂದಳು. ಫ್ಯಾನುಗಳ ಸದ್ದಿಗೆ ನಿದ್ದೆ ಬರುವುದಿಲ್ಲ ಎಂದಳು. ಫ್ಯಾನುಗಳು ಮೋಡವನ್ನು ಓಡಿಸುತ್ತವೆ, ಅದಕ್ಕೇ ಮಳೆ ಬರುವುದಿಲ್ಲ ಎಂದಳು. ಕೊನೆಗೆ ಕತ್ತಲಲ್ಲಿ ಕೂರುವ ಮಾತನ್ನೂ ಹೇಳಿ ಮುಗಿಸಿದಳು.

ಅಮ್ಮ ತುತ್ತು ಕೆಳಗಿಟ್ಟಳು. ಮುಖದಲ್ಲಿ ನಗು ಇರಲಿಲ್ಲ.

“ಬೇಜಾರಾಯ್ತಾ ಅಮ್ಮ?”

“ಆಯ್ತು. ಮೋಡ ಓಡಿಸೋ ಮಾತು ಎಲ್ಲಿಂದ ತಂದೆ?”

“ಬಸ್ಸಿನಲ್ಲಿ ಯಾರೋ ಹೇಳ್ತಾ ಇದ್ರು.”

“ಅದು ಶುದ್ಧ ಸುಳ್ಳು. ಮೋಡ ಎಲ್ಲೋ ಇರುತ್ತೆ, ಫ್ಯಾನು ಎಲ್ಲೋ ಇರುತ್ತೆ.” ಅಮ್ಮ ಎದ್ದು ತಟ್ಟೆ ತೆಗೆದಳು. “ನೋಡು ಅಳಿಲು, ನನ್ನ ಕೆಲಸಾನ ಬೈಯೋದಾದ್ರೆ ಬೈ. ಆದ್ರೆ ಸರಿಯಾಗಿ ಬೈಬೇಕು. ನಿಜ ಇರೋದನ್ನ ಹಿಡ್ಕೊಂಡು ಬೈ. ಅಂಥದ್ದು ಬೇಕಾದಷ್ಟಿದೆ. ನಾನೇ ತೋರಿಸ್ತೀನಿ.”

ಅಜ್ಜಿ ಸೊಸೆಯ ಮುಖ ನೋಡಿದಳು, ಮೊಮ್ಮಗಳ ಮುಖ ನೋಡಿದಳು. “ಈ ಮನೇಲಿ ಬುದ್ಧಿ ನೆಟ್ಟಗಿರೋಳು ನಾನೊಬ್ಬಳೇ” ಎಂದು ಮತ್ತೆ ಊಟಕ್ಕೆ ಕೈ ಹಾಕಿದಳು.

*

ಗಾಳಿ ಬೀಸುವ ದಿನ ಅಮ್ಮ ಮೇಲೆ ಹತ್ತುವಂತಿಲ್ಲ. ಅಷ್ಟೆತ್ತರದಲ್ಲಿ ಗಾಳಿ ಮನುಷ್ಯರನ್ನು ಎತ್ತಿ ಒಗೆಯುತ್ತದೆ. ಗಾಳಿ ಬಿದ್ದುಹೋದ ದಿನವೇ ಅವಳಿಗೆ ಕೈತುಂಬ ಕೆಲಸ. ಹಾಗಾಗಿ ಬೇರೆಯವರ ಮನೆಯಲ್ಲಿ ಭಾನುವಾರ ರಜೆಯಾದರೆ, ಅಳಿಲಿನ ಮನೆಯಲ್ಲಿ ಗಾಳಿವಾರ ರಜೆ. ಈ ಮಾತು ಅಪ್ಪನದು.

ಆ ಭಾನುವಾರ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಅಮ್ಮ ಮೇಲಿನವರ ಅನುಮತಿ ಕೇಳಿಕೊಂಡು ಅಳಿಲನ್ನು ಗುಡ್ಡಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಅವಳಿಗೊಂದು ಹೆಲ್ಮೆಟ್ ಕೊಟ್ಟರು. ತಲೆ ಎಡಕ್ಕೆ ತಿರುಗಿದರೂ ಹೆಲ್ಮೆಟ್ ನೆಟ್ಟಗೇ ನಿಲ್ಲುತ್ತಿತ್ತು.

“ಮಶ್ರೂಮ್ ಬಂದಿದೆ ಅಕ್ಕ” ಎಂದು ನಕ್ಕ ಉದ್ದ ಮಾಮ. ಉದ್ದ ಮಾಮ ಅಮ್ಮನ ಜೊತೆಗಾರ. ಮೇಲೆ ಯಾರೂ ಒಬ್ಬರೇ ಹತ್ತುವಂತಿಲ್ಲ, ಇಬ್ಬರು ಇರಲೇಬೇಕು ಎಂಬುದು ನಿಯಮ. ಉದ್ದ ಮಾಮ ಎಷ್ಟು ಉದ್ದ ಎಂದರೆ, ಜೀಪಿನಿಂದ ಇಳಿಯುವಾಗ ಕಂತು ಕಂತಾಗಿ ಇಳಿಯುತ್ತಿದ್ದ.

ದೂರದಿಂದ ಕಡ್ಡಿಯ ಹಾಗೆ ಕಾಣುವ ಕಂಬ ಹತ್ತಿರ ಹೋದರೆ ಒಂದು ಮನೆಯಷ್ಟು ದಪ್ಪವಿತ್ತು. ಅದಕ್ಕೊಂದು ಬಾಗಿಲು. ಒಳಗೆ ತಣ್ಣಗೆ, ಎಣ್ಣೆಯ ವಾಸನೆ. ಗೋಡೆಗೆ ಅಂಟಿಕೊಂಡು ಕಬ್ಬಿಣದ ಏಣಿಯೊಂದು ಮೇಲಕ್ಕೆ, ಮೇಲಕ್ಕೆ, ಕಣ್ಣಿಗೆ ಸಿಗದ ಹಾಗೆ ಹೋಗಿತ್ತು.

ಅಮ್ಮ ಬಾಗಿಲ ಪಕ್ಕದ ಪೆಟ್ಟಿಗೆಯೊಂದನ್ನು ತೆರೆದಳು. ಅದರೊಳಗೆ ಪುಟ್ಟ ಸ್ಕ್ರೀನು ಹೊಳೆಯುತ್ತಿತ್ತು.

“ಇದು ಓದು. ಈಗ ಎಷ್ಟು ಕರೆಂಟು ಕೊಡ್ತಾ ಇದೆ?”

“ಸೊನ್ನೆ.” ಅಳಿಲು ಮೂಗನ್ನು ಇನ್ನಷ್ಟು ಹತ್ತಿರ ತಂದಳು. “ಅಲ್ಲ, ಸೊನ್ನೆಗಿಂತ ಕಮ್ಮಿ ಇದೆ! ಮುಂದೆ ಮೈನಸ್ ಇದೆ!”

“ಹೌದು. ಈ ಲೈಟು ಉರಿಯೋದಕ್ಕೆ, ಈ ಸ್ಕ್ರೀನಿಗೆ, ಮೇಲಿರೋ ಪಂಪಿಗೆ ಕರೆಂಟು ಬೇಕಲ್ಲ? ಗಾಳಿ ಇಲ್ಲದಾಗ ಇದು ಕೊಡೋದಿಲ್ಲ. ನಮ್ಮ ನಿಮ್ಮ ಮನೆಗಳ ಹಾಗೆ ಲೈನಿನಿಂದ ತಗೊಂಡು ತಿನ್ನುತ್ತೆ.”

ಅಳಿಲಿನ ಬಾಯಿ ತೆರೆದೇ ಇತ್ತು. “ಕರೆಂಟು ಮಾಡೋ ಯಂತ್ರವೇ ಕರೆಂಟು ತಿನ್ನುತ್ತಾ? ಅಮ್ಮಾ! ಇದು ಸೂಪರ್ ಪಾಯಿಂಟು!”

“ತಿನ್ನೋದು ಸ್ವಲ್ಪಾನೇ. ಆ ‘ಸ್ವಲ್ಪ’ವನ್ನೂ ಹೇಳಬೇಕು, ನುಂಗಬಾರದು.”

ಉದ್ದ ಮಾಮ ಬೆಲ್ಟು ಕಟ್ಟಿಕೊಳ್ಳುವುದನ್ನು ಬಿಟ್ಟು ನಿಂತ. “ಅಕ್ಕಾ, ಏನು ಮಾಡ್ತಾ ಇದೀರಿ? ನೀವೇ ಚಾಕು ಮಸೆದು ಮಗಳ ಕೈಗೆ ಕೊಡ್ತಾ ಇದೀರಲ್ಲ!”

“ಇನ್ನೂ ಇದೆ ತಡಿ” ಎಂದಳು ಅಮ್ಮ.

ಕಂಬದ ಹಿಂದಿನ ಬಯಲಿನಲ್ಲಿ ಹಳೆಯ ರೆಕ್ಕೆಯೊಂದು ಬಿದ್ದಿತ್ತು. ಅಷ್ಟುದ್ದದ ವಸ್ತುವನ್ನು ಅಳಿಲು ನೆಲದ ಮೇಲೆ ನೋಡಿದ್ದೇ ಇಲ್ಲ. ಈ ತುದಿಯಿಂದ ಆ ತುದಿಗೆ ಓಡುವಷ್ಟರಲ್ಲಿ ಅವಳಿಗೆ ಏದುಸಿರು ಬಂತು. ಇದನ್ನು ಕರಗಿಸಿ ಬೇರೆ ವಸ್ತು ಮಾಡುವುದು ಬಹಳ ಕಷ್ಟ, ಏನು ಮಾಡಬೇಕೆಂದು ಇಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ, ಅದಕ್ಕೇ ಹೀಗೆ ಬಿದ್ದಿದೆ ಎಂದಳು ಅಮ್ಮ. ಕೆಲವೊಮ್ಮೆ ಹಕ್ಕಿಗಳು ಫ್ಯಾನಿನ ರೆಕ್ಕೆಗೆ ಬಡಿದು ಸಾಯುತ್ತವೆ ಎಂದೂ ಹೇಳಿದಳು. ಅದನ್ನು ಹೇಳುವಾಗ ಅವಳ ದನಿ ಸಣ್ಣದಾಯಿತು. ಗಾಳಿ ಕಡಿಮೆಯಾದರೂ ಕಷ್ಟ, ಬಿರುಗಾಳಿಯಾದರೂ ಕಷ್ಟ, ಆಗ ರೆಕ್ಕೆ ಮುರಿಯಬಾರದೆಂದು ಯಂತ್ರವನ್ನು ನಿಲ್ಲಿಸಬೇಕಾಗುತ್ತದೆ ಎಂದಳು.

ಅಳಿಲು ಹೆಲ್ಮೆಟ್ ಹಿಂದಕ್ಕೆ ಸರಿಸಿ ಅಮ್ಮನನ್ನು ನೋಡಿದಳು. “ಇಷ್ಟೊಂದು ತಪ್ಪಿದೆ ಅಂತ ಗೊತ್ತಿದ್ರೂ ನೀನು ಇದೇ ಕೆಲಸ ಮಾಡ್ತೀಯಾ?”

“ಎಲ್ಲಿ ಕೆಟ್ಟಿದೆ ಅಂತ ಒಪ್ಕೊಳ್ಳದಿದ್ರೆ ರಿಪೇರಿ ಮಾಡೋದು ಹೇಗೆ?”

“ಒಳ್ಳೇದೂ ಇರಬೇಕಲ್ಲ? ಅದನ್ನೂ ಹೇಳು.”

“ಹೇಳಲ್ಲ. ಅದನ್ನ ಹುಡುಕೋದು ನಿಮ್ಮ ಪಿಸುಮಾತಿನ ಕೆಲಸ.” ಅಮ್ಮ ಅವಳ ಹೆಲ್ಮೆಟ್ಟಿನ ಮೇಲೆ ಟಕ್ ಟಕ್ ಎಂದು ತಟ್ಟಿದಳು. “ಹೋಗು, ಆಫೀಸಿನ ಜಗಲಿ ಮೇಲೆ ಕೂತ್ಕೋ. ನಾವು ಮೇಲೆ ಹೋಗಿ ಬರ್ತೀವಿ.”

ಆಫೀಸು ಎಂದರೆ ದೂರದಲ್ಲೊಂದು ಶೀಟಿನ ಮನೆ. ಅಲ್ಲಿ ಕೂತು ಅಳಿಲು ಕಾದಳು. ಒಂದು ಪುಸ್ತಕದ ಚಿತ್ರಗಳನ್ನೆಲ್ಲ ನೋಡಿದಳು. ಡಬ್ಬಿಯ ಬಿಸ್ಕತ್ತು ಮುಗಿಸಿದಳು. ಆಮೇಲೆ ತಲೆ ಎತ್ತಿದಾಗ, ಕಂಬದ ತುದಿಯ ಡಬ್ಬದ ಮೇಲೊಂದು ಚುಕ್ಕಿ ಕಂಡಿತು. ಅದರ ಹಿಂದೆ ಇನ್ನೊಂದು ಚುಕ್ಕಿ.

ಮೊದಲ ಚುಕ್ಕಿ ಕೈ ಬೀಸಿತು.

ಅದು ಅಮ್ಮ ಎಂದು ಅಳಿಲಿಗೆ ತಕ್ಷಣ ಹೊಳೆಯಲಿಲ್ಲ. ಹೊಳೆದಾಗ ಅವಳು ಜಗಲಿಯಿಂದ ಎದ್ದು ನಿಂತಳು. ಅಮ್ಮ ಮೇಲೆ ಹತ್ತುತ್ತಾಳೆ ಎಂಬುದು ಅವಳಿಗೆ ಹುಟ್ಟಿದಾಗಿನಿಂದ ಗೊತ್ತಿದ್ದ ಮಾತು. ಅಪ್ಪ ಹೊಲಿಯುತ್ತಾನೆ, ಅಜ್ಜಿ ಗೊರಕೆ ಹೊಡೆಯುತ್ತಾಳೆ, ಅಮ್ಮ ಹತ್ತುತ್ತಾಳೆ. ಆದರೆ ಹತ್ತುವುದು ಎಂದರೆ ಇಷ್ಟೆತ್ತರ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ.

ಅಳಿಲೂ ಕೈ ಬೀಸಿದಳು. ಚುಕ್ಕಿ ಬಗ್ಗಿ ಕೆಲಸ ಶುರುಮಾಡಿದ ಮೇಲೂ ಬಹಳ ಹೊತ್ತು ಬೀಸುತ್ತಲೇ ಇದ್ದಳು.

ಕೆಳಗೆ ಬಂದಾಗ ಅಮ್ಮನ ಮುಖ ಕೆಂಪಾಗಿತ್ತು. ಅವಳು ನೀರಿನ ಬಾಟಲಿಯ ಮುಚ್ಚಳ ತಿರುಗಿಸಲು ನೋಡಿದಳು, ಆಗಲಿಲ್ಲ. ಏಣಿ ಹಿಡಿದು ಹಿಡಿದು ಬೆರಳುಗಳು ಮಡಚಿಕೊಂಡೇ ಇದ್ದವು. ಅಳಿಲು ಬಾಟಲಿ ಇಸಿದುಕೊಂಡು ತೆರೆದು ಕೊಟ್ಟಳು.

“ಚರ್ಚೆಯ ದಿನ ಬರ್ತೀಯಲ್ಲಮ್ಮ? ಅಪ್ಪ ಅಮ್ಮಂದಿರೂ ಬರಬಹುದು ಅಂದಿದ್ದಾರೆ ಮಿಸ್.”

“ಬಂದೇ ಬರ್ತೀನಿ. ನನ್ನ ಕೆಲಸಕ್ಕೆ ಬೈಗುಳ, ನಾನಿಲ್ಲದೆ ಹೇಗೆ?”

*

ಆ ವಾರವಿಡೀ ಗಾಳಿ ಸುಯ್ಯೆಂದು ಬೀಸಿತು. ಒಣಹಾಕಿದ ಬಟ್ಟೆ ಪಕ್ಕದ ಮನೆಗೆ ಹಾರಿತು. ಅಳಿಲಿಗೆ ಖುಷಿಯೋ ಖುಷಿ. ಗಾಳಿ ಇದ್ದರೆ ಅಮ್ಮ ಇರುತ್ತಾಳೆ, ಅಮ್ಮ ಇದ್ದರೆ ಚರ್ಚೆಗೆ ಬರುತ್ತಾಳೆ. ಅಪ್ಪನಿಗೆ ಆ ದಿನ ಮದುವೆಯ ಬಟ್ಟೆಗಳನ್ನು ಹೊಲಿದು ಕೊಡಬೇಕಾಗಿತ್ತು. ಅಜ್ಜಿಗೆ ಮೊಣಕಾಲು ನೋವು. ಆದರೂ ಪರವಾಗಿಲ್ಲ, ಅಮ್ಮ ಬಂದರೆ ಸಾಕು.

ಚರ್ಚೆಯ ದಿನ ಬೆಳಿಗ್ಗೆ ಅಳಿಲು ಎದ್ದಾಗ ಮನೆ ತೀರಾ ಮೌನವಾಗಿತ್ತು. ಏನೋ ಇಲ್ಲ ಅನ್ನಿಸಿತು. ಕಿಟಕಿ ಗಡಗಡ ಎನ್ನುತ್ತಿರಲಿಲ್ಲ. ಹೊರಗೆ ಬಂದು ನೋಡಿದರೆ ಗುಡ್ಡದ ಮೇಲಿನ ಫ್ಯಾನುಗಳೆಲ್ಲ ಕೈ ಚಾಚಿ ನಿಂತುಬಿಟ್ಟಿದ್ದವು.

ಒಳಗೆ ಅಮ್ಮನ ಫೋನು ರಿಂಗಾಯಿತು.

“ಹ್ಞೂಂ... ಎಣ್ಣೆ ಸೋರ್ತಾ ಇದೆಯಾ?... ಇವತ್ತೇನಾ?... ಬೇರೆ ಯಾರೂ ಇಲ್ವಾ?... ಸರಿ. ನಾಳೆ ಗಾಳಿ ಬಂದ್ರೆ ಮತ್ತೆ ಹತ್ತೋಕಾಗಲ್ಲ, ನಿಜ. ಬಂದೆ.”

ಅಳಿಲು ಬಾಗಿಲಲ್ಲಿ ನಿಂತಿದ್ದಳು. ಅಮ್ಮ ಅವಳತ್ತ ಬಂದಳು.

“ಪುಟ್ಟಾ...”

“ಗೊತ್ತಾಯ್ತು.”

“ಒಂದು ಯಂತ್ರ ವಾರದಿಂದ ನಿಂತಿದೆ ಕಣೆ. ಇವತ್ತು ಬಿಟ್ರೆ ಮತ್ತೆ ಯಾವಾಗ್ಲೋ.”

“ಯಾವಾಗ್ಲೂ ಹೀಗೇ!” ಅಳಿಲು ಕೂಗಿದಳು. “ಗಾಳಿ ನಿಂತ್ರೆ ನೀನಿರಲ್ಲ. ಸ್ಪೋರ್ಟ್ಸ್ ಡೇಗೂ ಬರಲಿಲ್ಲ. ನಾನು ಭಾಷಣದಲ್ಲಿ ಹೇಳೋದೆಲ್ಲ ನಿಜವೇ! ನಿನ್ನ ಫ್ಯಾನುಗಳು ಯಾವ ಪ್ರಯೋಜನಕ್ಕೂ ಇಲ್ಲ. ಯಾರಿಗೂ ಬೇಡ ಅವು!”

ಅಪ್ಪನ ಹೊಲಿಗೆಯಂತ್ರದ ಸದ್ದು ನಿಂತಿತು. ಅಜ್ಜಿ “ಅಯ್ಯೋ ಬಾಯೇ” ಎಂದಳು.

ಅಳಿಲಿನ ಜಡೆಯ ರಿಬ್ಬನ್ನು ಬಿಚ್ಚಿಕೊಂಡಿತ್ತು. ಅಮ್ಮ ಅದನ್ನು ಕಟ್ಟಿ, ಚೀಲ ತೆಗೆದುಕೊಂಡು ಹೋದಳು.

*

“ಈಗ ವಿರುದ್ಧ ಪಕ್ಷ” ಎಂದರು ಮಿಸ್.

ಅಳಿಲು ಎದ್ದು ಮುಂದೆ ಹೋದಳು. ಹಿಂದುಗಡೆ ಕೆಲವರ ಅಪ್ಪ ಅಮ್ಮಂದಿರು ಮಕ್ಕಳ ಬೆಂಚಿನಲ್ಲಿ ಕಾಲು ಸಿಕ್ಕಿಸಿಕೊಂಡು ಕೂತಿದ್ದರು. ಅವಳು ಆ ಕಡೆ ನೋಡಲಿಲ್ಲ.

ಪಿಸುಮಾತು ಆಗಲೇ ಮಾತಾಡಿ ಕೂತಿದ್ದ. ಗಾಳಿಗೆ ಹೊಗೆ ಇಲ್ಲ, ಬೂದಿ ಇಲ್ಲ, ಗಾಳಿಯನ್ನು ಯಾರೂ ಅಗೆದು ತೆಗೆಯಬೇಕಾಗಿಲ್ಲ ಎಂದಿದ್ದ. ಇಲ್ಲಿ ಗಾಳಿ ನಿಂತರೆ ಇನ್ನೆಲ್ಲೋ ಬೀಸುತ್ತಿರುತ್ತದೆ, ಅಲ್ಲಿಂದ ತಂತಿಯಲ್ಲಿ ತರಬಹುದು, ದೊಡ್ಡ ಬ್ಯಾಟರಿಗಳಲ್ಲಿ ತುಂಬಿಡಬಹುದು, ಬಿಸಿಲಿನ ಕರೆಂಟನ್ನೂ ಜೊತೆಗೆ ಸೇರಿಸಿಕೊಳ್ಳಬಹುದು ಎಂದೂ ಹೇಳಿದ್ದ. ಎಲ್ಲ ಒಳ್ಳೆಯ ಮಾತುಗಳೇ. ಆದರೆ ಎರಡನೆಯ ಬೆಂಚಿನಿಂದಾಚೆಗೆ ಒಂದೂ ತಲುಪಿರಲಿಲ್ಲ.

ಅಳಿಲಿನ ಮಾತು ಅಂಗಳದವರೆಗೂ ತಲುಪಿತು.

“ಕರೆಂಟು ಕೊಡುವ ಯಂತ್ರವೇ ಕರೆಂಟು ತಿನ್ನುವುದನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ!” ಎಂದಾಗ ಇಡೀ ತರಗತಿ ‘ಹ್ಞಾಂ!’ ಎಂದಿತು. “ತಿನ್ನುವುದು ಸ್ವಲ್ಪವೇ. ಆದರೂ ತಿನ್ನುತ್ತದೆ” ಎಂದೂ ಸೇರಿಸಿದಳು. ಬಯಲಿನಲ್ಲಿ ಬಿದ್ದ ರೆಕ್ಕೆಯ ಬಗ್ಗೆ ಹೇಳಿದಳು. ಹಕ್ಕಿಗಳ ಬಗ್ಗೆ ಹೇಳಿದಳು. ಬಿರುಗಾಳಿಯ ಬಗ್ಗೆ ಹೇಳಿದಳು. ಮೋಡ ಓಡಿಸುವ ಮಾತು ಅವಳ ಭಾಷಣದಲ್ಲಿ ಇರಲೇ ಇಲ್ಲ.

ಚಪ್ಪಾಳೆ ಜೋರಾಗಿಯೇ ಬಿತ್ತು.

“ಈಗ ಇಬ್ಬರೂ ಒಬ್ಬರನ್ನೊಬ್ಬರು ಒಂದೊಂದು ಪ್ರಶ್ನೆ ಕೇಳಬಹುದು” ಎಂದರು ಮಿಸ್.

ಅಳಿಲು ಮೊದಲು ಕೇಳಿದಳು. “ಇವತ್ತು ಗಾಳಿಯೇ ಇಲ್ಲ. ನಿನ್ನ ದೊಡ್ಡ ಬ್ಯಾಟರಿ ನಮ್ಮೂರಲ್ಲಿ ಎಲ್ಲಿದೆ?”

“ಇನ್ನೂ... ಇಲ್ಲ” ಎಂದ ಪಿಸುಮಾತು. ಎಲ್ಲರೂ ನಕ್ಕರು. ಅವನ ಕಿವಿ ಕೆಂಪಾಯಿತು.

ಈಗ ಅವನ ಸರದಿ. ಅವನು ಚಡಪಡಿಸಿದ. ಕೈಯಲ್ಲಿದ್ದ ಹಾಳೆ ನೋಡಿದ, ಅದನ್ನು ಮಡಚಿ ಜೇಬಿಗಿಟ್ಟ.

“ಇದನ್ನೆಲ್ಲ... ನಿಂಗೆ ಯಾರು ಹೇಳಿದ್ದು?”

ಗೆಲ್ಲಲೆಂದು ಕೇಳಿದ ಪ್ರಶ್ನೆ ಅದಲ್ಲ. ಅವನಿಗೆ ನಿಜಕ್ಕೂ ತಿಳಿಯಬೇಕಾಗಿತ್ತು. ಅವನ ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಅಳಿಲು ಜಡೆಯ ರಿಬ್ಬನ್ನನ್ನು ಮುಟ್ಟಿ ನೋಡಿಕೊಂಡಳು.

“ನಮ್ಮಮ್ಮ” ಎಂದಳು.

ನಗು ನಿಂತಿತು.

“ಅಮ್ಮಾನೇ?” ಎಂದರು ಮಿಸ್. “ತಮ್ಮ ಯಂತ್ರಗಳ ತಪ್ಪನ್ನ ಅವರೇ ಹೇಳ್ಕೊಟ್ರಾ?”

“ಹೌದು ಮಿಸ್. ನನ್ನನ್ನ ಅಲ್ಲಿಗೇ ಕರ್ಕೊಂಡು ಹೋಗಿ ತೋರಿಸಿದ್ರು. ನಾನು ಮೊದಲು ಸುಳ್ಳು ಪಾಯಿಂಟು ಹಾಕಿದ್ದೆ. ಅದನ್ನ ತೆಗೆಸಿ ನಿಜದ್ದು ಹಾಕಿಸಿದ್ರು. ಎಲ್ಲಿ ಕೆಟ್ಟಿದೆ ಅಂತ ಒಪ್ಕೊಳ್ಳದಿದ್ರೆ ರಿಪೇರಿ ಮಾಡೋದು ಹೇಗೆ ಅಂದ್ರು.” ಹೇಳುತ್ತ ಹೇಳುತ್ತ ಅವಳ ದನಿ ಇಳಿಯಿತು. “ಈಗ್ಲೂ ಅಲ್ಲೇ ಇದ್ದಾರೆ. ಎಣ್ಣೆ ಸೋರ್ತಾ ಇದೆಯಂತೆ.”

ಎಲ್ಲರ ಕತ್ತೂ ಕಿಟಕಿಯ ಕಡೆ ತಿರುಗಿತು. ಅಲ್ಲಿಂದ ಗುಡ್ಡ ಕಾಣುತ್ತಿತ್ತು, ಬಿಳಿ ಕಂಬಗಳು ಕಾಣುತ್ತಿದ್ದವು. ಅಷ್ಟು ದೂರದಿಂದ ಯಾವ ಚುಕ್ಕಿಯೂ ಕಾಣುತ್ತಿರಲಿಲ್ಲ.

“ಮಿಸ್.” ಪಿಸುಮಾತು ಮತ್ತೆ ಎದ್ದು ನಿಂತಿದ್ದ. “ಇನ್ನೊಂದೇ ಮಾತು ಹೇಳಲಾ?”

“ಜೋರಾಗಿ ಹೇಳಿದ್ರೆ ಹೇಳು.”

ಅವನು ಉಸಿರು ತುಂಬಿಕೊಂಡ. ಅಷ್ಟು ಜೋರಾಗಿ ಅವನು ಮಾತಾಡಿದ್ದನ್ನು ಆ ತರಗತಿ ಹಿಂದೆಂದೂ ಕೇಳಿರಲಿಲ್ಲ.

“ಗಾಳಿ ನಿಲ್ಲುತ್ತೆ, ಅಳಿಲು ಹೇಳಿದ್ದು ನಿಜ. ನಾನು ಗಾಳೀನ ನಂಬಲ್ಲ ಮಿಸ್. ಆದ್ರೆ ಕೆಟ್ಟಿದ್ದನ್ನ ಮುಚ್ಚಿಡದೇ ಇರೋರು ಅಲ್ಲಿ ಕೆಲಸ ಮಾಡ್ತಾ ಇದ್ರೆ, ಅದು ಒಂದಲ್ಲ ಒಂದು ದಿನ ಸರಿಹೋಗುತ್ತೆ. ನಾನು ಅಳಿಲಿನ ಅಮ್ಮನ್ನ ನಂಬ್ತೀನಿ.”

ಹೇಳಿ ದೊಪ್ಪನೆ ಕೂತುಬಿಟ್ಟ.

ಮಿಸ್ ಕೈ ಎತ್ತಿಸಿದರು. ಪರ ಎನ್ನುವವರು ಯಾರು? ಒಂದು ಕೈ, ಇನ್ನೊಂದು ಕೈ, ಆಮೇಲೆ ಬೆಂಚಿಗೆ ಬೆಂಚೇ ಕೈ ಎತ್ತಿತು. ಅಳಿಲಿನ ಪಕ್ಕದಲ್ಲೇ ಕೂರುವ ಅವಳ ಗೆಳತಿಯೂ ಎತ್ತಿದಳು. ಎಣಿಸುವ ಅಗತ್ಯವೇ ಬೀಳಲಿಲ್ಲ.

ಗಂಟೆ ಬಾರಿಸಿದ ಮೇಲೆ ಅಳಿಲು ಪಿಸುಮಾತನ್ನು ಗೇಟಿನ ಹತ್ತಿರ ಹಿಡಿದಳು.

“ನಮ್ಮಮ್ಮನ್ನ ಇಟ್ಕೊಂಡು ನನ್ನನ್ನೇ ಸೋಲಿಸಿಬಿಟ್ಯಲ್ಲೋ!”

“ಸಾರಿ” ಎಂದ ಪಿಸುಮಾತು. ದನಿ ಮತ್ತೆ ಮೊದಲಿನಂತಾಗಿತ್ತು.

ಅವಳು ನಾಲ್ಕು ಹೆಜ್ಜೆ ಮುಂದೆ ಹೋದಳು. ಮತ್ತೆ ತಿರುಗಿ ಬಂದಳು.

“ಥ್ಯಾಂಕ್ಸ್ ಕಣೋ.”

“ಯಾಕೆ?”

“ಗೊತ್ತಿಲ್ಲ. ಸುಮ್ನೆ ತಗೋ.”

*

ಅಮ್ಮ ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಬಾಗಿಲ ಮೆಟ್ಟಿಲ ಮೇಲೇ ಕೂತುಬಿಟ್ಟಳು. ಒಳಗೆ ಬರುವಷ್ಟೂ ಶಕ್ತಿ ಇದ್ದಂತಿರಲಿಲ್ಲ. ಕೈಯೆಲ್ಲ ಕಪ್ಪು ಎಣ್ಣೆ.

“ಏನಾಯ್ತು? ಗೆದ್ಯಾ?”

“ಸೋತೆ.”

“ಅಯ್ಯೋ! ಮೈನಸ್ ಪಾಯಿಂಟು ಹೇಳಲಿಲ್ವಾ?”

“ಹೇಳಿದೆ. ಎಲ್ಲಾ ಹೇಳಿದೆ.” ಅಳಿಲು ಅಮ್ಮನ ಪಕ್ಕ ಕೂತಳು. ಪಿಸುಮಾತು ಕೇಳಿದ ಪ್ರಶ್ನೆ, ತಾನು ಹೇಳಿದ ಉತ್ತರ, ಆಮೇಲೆ ಅವನು ಹೇಳಿದ ಮಾತು, ಎತ್ತಿದ ಕೈಗಳು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

ಅಮ್ಮ ನಗಲು ಶುರುಮಾಡಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಅದನ್ನು ಒರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ಎಣ್ಣೆ ಬಳಿದುಕೊಂಡಳು. “ಅಂದ್ರೆ ನಾನೇ ನಿನ್ನ ಸೋಲಿಸಿಬಿಟ್ನಾ! ಎಂಥಾ ತಾಯಿ ನಾನು!”

ಒಳಗಿನಿಂದ ಅಜ್ಜಿ “ನಾನು ಅವತ್ತೇ ಹೇಳಿದ್ದೆ, ಜ್ವರ ಅಂತ ಮಲಗು ಅಂತ” ಎಂದಳು. ಆದರೆ ಅವಳ ದನಿಯಲ್ಲೂ ನಗು ಇತ್ತು. ಅಪ್ಪ ಚಹಾ ತಂದಿಟ್ಟು, ಇಬ್ಬರ ತಲೆಯನ್ನೂ ಒಮ್ಮೆ ಸವರಿ ಮತ್ತೆ ಮದುವೆಯ ಬಟ್ಟೆಗೆ ಹೋದ.

ನಗು ಇಳಿಯಿತು. ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು.

“ಬೆಳಿಗ್ಗೆ ನೀನು ಹೇಳಿದ್ಯಲ್ಲ,” ಎಂದಳು ಅಮ್ಮ, “ಗಾಳಿ ನಿಂತ್ರೆ ನೀನಿರಲ್ಲ ಅಂತ. ಏಣಿ ಹತ್ತುವಾಗೆಲ್ಲ ಅದೇ ತಲೇಲಿತ್ತು. ಅದೂ ನಿಜವಾದ ಪಾಯಿಂಟೇ. ಭಾಷಣದಲ್ಲಿ ಹೇಳಿದ್ಯಾ?”

“ಇಲ್ಲ.”

“ಯಾಕೆ?”

ಅಳಿಲು ಅಂಗಳದ ಮಣ್ಣಿನಲ್ಲಿ ಕಾಲಿನ ಹೆಬ್ಬೆರಳಿಂದ ಗೆರೆ ಎಳೆದಳು. “ಅದು ಕ್ಲಾಸಿನಲ್ಲಿ ಹೇಳೋದಲ್ಲಮ್ಮ. ನಿಂಗೆ ಮಾತ್ರ ಹೇಳೋದು. ಯಾರಿಗೂ ಬೇಡ ಅಂದ್ನಲ್ಲ... ಅದು ಸುಳ್ಳು. ಅದನ್ನ ನಾನು ವಾಪಸ್ ತಗೋತೀನಿ.”

ಅಮ್ಮ ಚಹಾದ ಲೋಟಕ್ಕೆ ಕೈ ಚಾಚಿದಳು. ಬೆರಳುಗಳು ಲೋಟವನ್ನು ಸರಿಯಾಗಿ ಹಿಡಿಯಲಿಲ್ಲ. ಅಳಿಲು ತಾನೇ ಲೋಟವನ್ನೆತ್ತಿ ಅಮ್ಮನ ತುಟಿಗೆ ಹಿಡಿದಳು. ಆಮೇಲೆ ಒಳಗೆ ಓಡಿ ಬೆಚ್ಚಗಿನ ನೀರು, ಸೋಪು, ಅಪ್ಪನ ಅಂಗಡಿಯಲ್ಲಿ ಮಿಕ್ಕಿದ ಬಟ್ಟೆಯ ತುಂಡು ತಂದಳು. ಅಮ್ಮನ ಬಲಗೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡಳು.

ಎಣ್ಣೆಯ ಕೆಳಗೆ ಅಂಗೈಯಲ್ಲಿ ಗಟ್ಟಿಗಟ್ಟಿ ಗಂಟುಗಳಿದ್ದವು. ಹಳೆಯವು ಕೆಲವು, ಹೊಸವು ಕೆಲವು. ದಿನಾ ತಲೆ ಬಾಚುವ ಕೈ, ಬೆಳಿಗ್ಗೆ ಅಷ್ಟು ಮಾತು ಕೇಳಿಯೂ ರಿಬ್ಬನ್ನು ಕಟ್ಟಿದ ಕೈ. ಅಳಿಲು ಅದನ್ನು ಇಷ್ಟು ಹತ್ತಿರದಿಂದ ನೋಡಿಯೇ ಇರಲಿಲ್ಲ.

ಯಾವಾಗ ಬರ್ತೀಯಾ ಎಂದು ಅಮ್ಮನನ್ನು ಅವಳು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದಳು. ಬಂದ ಮೇಲೆ ಕೇಳಬಹುದಾದ ಇನ್ನೊಂದು ಪ್ರಶ್ನೆ ಇತ್ತು. ಅದು ಅವಳಿಗೆ ಈವರೆಗೂ ಹೊಳೆದಿರಲಿಲ್ಲ.

“ಅಮ್ಮ, ಇವತ್ತು ಮೇಲೆ ಏನು ಕೆಟ್ಟಿತ್ತು?”

ಅಮ್ಮ ಅವಳನ್ನೇ ನೋಡಿದಳು. “ನಿಜವಾಗ್ಲೂ ಹೇಳ್ಲಾ? ಬೋರ್ ಆಗುತ್ತೆ ನಿಂಗೆ.”

“ಆಗಲಿ. ಹೇಳು.”

“ಒಂದು ರಬ್ಬರ್ ರಿಂಗು. ನಿನ್ನ ಬಳೆಯಷ್ಟೇ ಇರುತ್ತೆ ಅನ್ಕೋ. ಅದು ಸೀಳಿಹೋಗಿತ್ತು. ಇಷ್ಟು ದೊಡ್ಡ ಯಂತ್ರ, ಅಷ್ಟು ಚಿಕ್ಕ ರಿಂಗು. ಅದು ಎಲ್ಲಿದೆ ಅಂತ ಹುಡುಕೋಕೆ ನಾನು ಹೊಟ್ಟೆ ಮೇಲೆ ಮಲಗಿ, ಉದ್ದ ಮಾಮ ನನ್ನ ಕಾಲು ಹಿಡ್ಕೊಂಡು...”

“ಕಾಲು ಹಿಡ್ಕೊಂಡು?”

“ತಡಿ, ಮೊದಲಿಂದ ಹೇಳ್ತೀನಿ” ಎಂದು ಅಮ್ಮ ಗೋಡೆಗೆ ಒರಗಿ ಕೂತಳು.

ಅಳಿಲು ಕೇಳುತ್ತ, ಅಮ್ಮನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ತೊಳೆಯತೊಡಗಿದಳು.